ಹಳೆಯ ಪದ್ಮಿನಿ ಕಾರಿನ ಒಳಾಂಗಣ: ಬದಲಿಸುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ಮುಂಬಯಿ, ಪುಣೆ ಮೊದಲಾದ ನಗರಗಳಲ್ಲಿ ನೆಲೆಸಿರುವ ನಮ್ಮವರ ಕೆಲವು ಮನೆಗಳಲ್ಲಿ ಹಿರಿಯರು ಕೊಂಡ ಪ್ರೀಮಿಯರ್ ಪದ್ಮಿನಿ ಕಾರು ಇಂದಿಗೂ ಉಳಿದಿದೆ. ಮನೆಮಂದಿಗೆ ಅದು ಈಗಲೂ 'ಫಿಯೆಟ್'. ಹಿರಿಯರ ಕಾಲಾನಂತರ ಅದನ್ನು ಮಾರುವ ಯೋಚನೆ ಬಂದಾಗ, 'ಮೊದಲು ಸೀಟು, ರೆಕ್ಸಿನ್ ಎಲ್ಲವನ್ನೂ ಹೊಸದು ಮಾಡಿಸಿ, ಒಳ್ಳೆಯ ಬೆಲೆ ಬರುತ್ತದೆ' ಎಂಬ ಸಲಹೆ ಸಾಮಾನ್ಯವಾಗಿ ಕೇಳಿಬರುತ್ತದೆ. ಈ ಸಲಹೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಇಲ್ಲಿ ಪರಿಶೀಲಿಸಿದ್ದೇವೆ.

ಕಾರಿನ ಹಿನ್ನೆಲೆ

ವಾಲ್‌ಚಂದ್ ಹೀರಾಚಂದ್ ಅವರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೊಮೊಬೈಲ್ಸ್ ಸಂಸ್ಥೆಯು ಮುಂಬಯಿಯ ಕುರ್ಲಾ ಕಾರ್ಖಾನೆಯಲ್ಲಿ ಇಟಲಿಯ ಫಿಯೆಟ್ ಕಂಪೆನಿಯ ಪರವಾನಗಿಯಿಂದ ಕಾರುಗಳನ್ನು ತಯಾರಿಸಿತು. ಫಿಯೆಟ್ 1100 ಡಿ ಮಾದರಿಯೇ ಮುಂದೆ ಪ್ರೀಮಿಯರ್ ಪ್ರೆಸಿಡೆಂಟ್ ಎಂದೂ 1974ರಿಂದ ಪ್ರೀಮಿಯರ್ ಪದ್ಮಿನಿ ಎಂದೂ ಹೆಸರು ಪಡೆಯಿತು. 1089 ಸಿಸಿ ಎಂಜಿನ್, ಸ್ಟಿಯರಿಂಗ್ ಕಂಬಕ್ಕೆ ಜೋಡಿಸಿದ ಗೇರು, ಮುಂದೆಯೂ ಬೆಂಚಿನಂತಹ ಉದ್ದನೆಯ ಆಸನ ಇವು ಹಳೆಯ ಪದ್ಮಿನಿಯ ಗುರುತುಗಳು. ಹೊಸ ಶತಮಾನದ ಆರಂಭದ ವೇಳೆಗೆ ಇದರ ತಯಾರಿಕೆ ನಿಂತಿತು. ಮುಂಬಯಿಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳು 20 ವರ್ಷಗಳ ವಯೋಮಿತಿಯ ಕಾರಣದಿಂದ 2023ರ ಅಕ್ಟೋಬರ್ ಅಂತ್ಯಕ್ಕೆ ರಸ್ತೆಯಿಂದ ಮರೆಯಾದವು. ಆದ್ದರಿಂದ ಮನೆಗಳಲ್ಲಿ ಉಳಿದಿರುವ ಖಾಸಗಿ ಕಾರುಗಳಿಗೆ ವಿಶೇಷ ಮಹತ್ವ ಬಂದಿದೆ.

ಐವತ್ತು ವರ್ಷಗಳ ನಿಯಮ

ಕೇಂದ್ರ ಸರಕಾರವು 2021ರ ಜುಲೈಯಲ್ಲಿ ವಿಂಟೇಜ್ ವಾಹನಗಳ ನೋಂದಣಿಗೆ ಪ್ರತ್ಯೇಕ ನಿಯಮಗಳನ್ನು ಪ್ರಕಟಿಸಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ರೂಪದಲ್ಲಿಯೇ ಉಳಿದಿರುವ ಸ್ವಂತ ಬಳಕೆಯ ವಾಹನಗಳಿಗೆ ಇದು ಅನ್ವಯಿಸುತ್ತದೆ. ಚಾಸಿ, ಬಾಡಿ ಅಥವಾ ಎಂಜಿನ್‌ನಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಇಂತಹ ವಾಹನಗಳಿಗೆ 'ವಿಎ' ಅಕ್ಷರಗಳುಳ್ಳ ಸಂಖ್ಯೆ ದೊರೆಯುತ್ತದೆ. ಆದರೆ ನಿತ್ಯದ ಓಡಾಟಕ್ಕೆ ಅವಕಾಶವಿಲ್ಲ. ಪ್ರದರ್ಶನ, ರ‍್ಯಾಲಿ, ದುರಸ್ತಿ ಮುಂತಾದ ಕಾರಣಗಳಿಗೆ ಮಾತ್ರ ರಸ್ತೆಗಿಳಿಸಬಹುದು.

ಮೊದಮೊದಲ ಪದ್ಮಿನಿಗಳು 2024ರಿಂದ ಈ ವಯಸ್ಸನ್ನು ತಲುಪತೊಡಗಿವೆ. ನಿಯಮದಲ್ಲಿ ಸೀಟಿನ ಬಟ್ಟೆಯ ಮಾತು ಪ್ರತ್ಯೇಕವಾಗಿ ಇಲ್ಲದಿದ್ದರೂ, 'ಮೂಲ ರೂಪ' ಎಂಬುದೇ ಹಳೆಯ ಕಾರಿನ ಬೆಲೆಯ ಆಧಾರ ಎಂಬುದನ್ನು ಮರೆಯಬಾರದು.

ಕೊಳ್ಳುವವರು ಏನನ್ನು ನೋಡುತ್ತಾರೆ?

ಕೊಳ್ಳುವವರಲ್ಲಿ ಎರಡು ಬಗೆ. ವಾರಕ್ಕೊಮ್ಮೆ ಓಡಿಸಲು ಬಯಸುವವರಿಗೆ ಚೊಕ್ಕಟವಾದ, ಕೂರಲು ಹಿತವಾದ ಒಳಾಂಗಣ ಸಾಕು. ಸಂಗ್ರಾಹಕರಾದರೋ ಮೊದಲು ಬಾಗಿಲು ತೆರೆದು ಒಳಗೆ ನೋಡುತ್ತಾರೆ. ಬಣ್ಣವನ್ನು ಮತ್ತೆ ಬಳಿಯಬಹುದು, ಎಂಜಿನ್ ಬಿಚ್ಚಿ ಕಟ್ಟಬಹುದು. ಆದರೆ ಕಾರ್ಖಾನೆಯಿಂದ ಬಂದ ಸೀಟು, ಬಾಗಿಲ ಪ್ಯಾಡು, ಮೇಲ್ಭಾಗದ ಬಟ್ಟೆ, ಸ್ಟಿಯರಿಂಗ್ ಚಕ್ರ, ಹಿಡಿಕೆಗಳು ಒಮ್ಮೆ ಹೋದರೆ ಮರಳಿ ದೊರಕುವುದು ಕಷ್ಟ.

ಬೆಲೆಗೆ ಹೆಚ್ಚು ಹಾನಿ ತರುವ ಬದಲಾವಣೆಗಳು ಇವು: ಸ್ಟೀರಿಯೊ ಕೂರಿಸಲು ಡ್ಯಾಶ್‌ಬೋರ್ಡ್ ಕತ್ತರಿಸುವುದು, ಬೆಂಚು ತೆಗೆದು ಬೇರೆ ಕಾರಿನ ಬಿಡಿ ಸೀಟು ಹಾಕುವುದು, ಕಂಬದ ಗೇರನ್ನು ನೆಲಕ್ಕೆ ಇಳಿಸುವುದು. ಇವುಗಳನ್ನು ಪುನಃ ಸರಿಪಡಿಸುವ ಖರ್ಚನ್ನು ಕೊಳ್ಳುವವರು ಬೆಲೆಯಿಂದಲೇ ಕಳೆಯುತ್ತಾರೆ. ಪದ್ಮಿನಿ ದೊಡ್ಡ ಸಂಖ್ಯೆಯಲ್ಲಿ ತಯಾರಾದ ಕಾರು. ಅದಕ್ಕೆ ದುಬಾರಿ ಚರ್ಮದ ಒಳಾಂಗಣ ಮಾಡಿಸಿದರೆ ಹಾಕಿದ ಹಣ ಪೂರ್ತಿ ಮರಳುವುದನ್ನು ನಿರೀಕ್ಷಿಸಲಾಗದು.

ಕೆಲಸದ ಕ್ರಮ

1. ಮೊದಲು ಮ್ಯಾಟ್ ಎತ್ತಿ ನೆಲವನ್ನು ನೋಡಿರಿ. ಮುಂಬಯಿಯ ಮಳೆಗಾಲದಲ್ಲಿ ಗಾಜಿನ, ಬಾಗಿಲಿನ ರಬ್ಬರ್ ಸಂದಿಯಿಂದ ಇಳಿದ ನೀರು ಅಲ್ಲಿಯೇ ನಿಂತು ತುಕ್ಕು ಹಿಡಿಸುತ್ತದೆ. ಸೋರಿಕೆ ನಿಲ್ಲಿಸದೆ ಮಾಡಿಸಿದ ಹೊಸ ಒಳಾಂಗಣ ಒಂದೆರಡು ಮಳೆಗಾಲಗಳಲ್ಲೇ ಹಾಳಾದೀತು.

2. ಬಿಚ್ಚುವ ಮುನ್ನ ಎಲ್ಲ ಕೋನಗಳಿಂದಲೂ ಛಾಯಾಚಿತ್ರ ತೆಗೆದಿಡಿರಿ. ಹೊಲಿಗೆಯ ಗೆರೆಗಳ ಅಂತರವನ್ನೂ ಅಳೆದು ಬರೆದಿಡುವುದು ಒಳ್ಳೆಯದು.

3. ರೆಕ್ಸಿನ್ ಮಾಸಿದ್ದರೂ ಹರಿಯದಿದ್ದರೆ ತೊಳೆದು ಉಳಿಸಿಕೊಳ್ಳಿರಿ. ಕುಸಿದ ಸೀಟಿಗೆ ಒಳಗಿನ ಸ್ಪ್ರಿಂಗು ಮತ್ತು ಮೆತ್ತೆಯನ್ನು ಮಾತ್ರ ಸರಿಪಡಿಸಬಹುದು. ನಿತ್ಯ ಬಳಕೆಗೆ ಮೇಲೊಂದು ಕವರು ಸಾಕು. ಅದನ್ನು ಯಾವಾಗ ಬೇಕಾದರೂ ತೆಗೆಯಬಹುದು.

4. ಬದಲಿಸಲೇಬೇಕಾದಲ್ಲಿ ಅದೇ ಬಣ್ಣ, ಅದೇ ಹೊಲಿಗೆಯ ರೆಕ್ಸಿನ್ ಹಾಕಿಸಿರಿ. ತೆಗೆದ ಹಳೆಯ ತುಂಡು, ಹಿಡಿಕೆ, ತಿರುಪುಗಳನ್ನು ಎಸೆಯದೆ ಚೀಲದಲ್ಲಿ ಕಟ್ಟಿಟ್ಟು, ರಸೀದಿಗಳೊಡನೆ ಕೊಳ್ಳುವವರಿಗೆ ಕೊಡಿರಿ.

5. ಆಸನಗಳ ಸಂಖ್ಯೆ ನೋಂದಣಿ ಪತ್ರದಲ್ಲಿ ನಮೂದಾಗಿರುತ್ತದೆ. ಅದಕ್ಕೆ ವ್ಯತ್ಯಾಸ ಬರುವಂತೆ ಏನನ್ನೂ ಮಾಡಿಸಬೇಡಿರಿ.

ಐತಿಹಾಸಿಕ ವಾಹನಗಳ ಅಂತಾರಾಷ್ಟ್ರೀಯ ಒಕ್ಕೂಟವಾದ 'ಫಿವಾ' 2012ರಲ್ಲಿ ಅಂಗೀಕರಿಸಿದ ಟ್ಯೂರಿನ್ ಸನ್ನದು ಕೂಡ ಇದೇ ವಿವೇಕವನ್ನು ಬೋಧಿಸುತ್ತದೆ: ಸಾಧ್ಯವಿದ್ದಷ್ಟನ್ನು ಉಳಿಸಿಕೊಳ್ಳಿ, ಮಾಡಿದ ಕೆಲಸವನ್ನು ದಾಖಲಿಸಿ. ಟ್ಯೂರಿನ್ ಫಿಯೆಟ್‌ನ ತವರೂರೂ ಹೌದು.

ಒಳಾಂಗಣ ಈಗಾಗಲೇ ಶಿಥಿಲವಾಗಿದ್ದರೆ ಚಿಂತಿಸಬೇಕಾಗಿಲ್ಲ. ಮೂಲ ಮಾದರಿಯಂತೆ ಮಾಡಿಸಿ, ಮಾಡಿಸಿದ್ದನ್ನು ಮರೆಮಾಚದೆ ಹೇಳಿದರೆ ನ್ಯಾಯವಾದ ಬೆಲೆ ಸಿಗಬಹುದು. ಆದರೆ ಗಟ್ಟಿಯಾಗಿರುವ ಹಳೆಯ ಸೀಟನ್ನು ಕೇವಲ ಹೊಳಪಿಗಾಗಿ ಕೀಳಿಸುವವರು, ಹಣ ಕೊಟ್ಟು ತಮ್ಮ ಕಾರಿನ ಬೆಲೆಯನ್ನು ತಾವೇ ಇಳಿಸಿಕೊಂಡಂತೆ. ಮಾರುವ ಮನಸ್ಸು ಬದಲಾಗಿ ಕಾರು ಮನೆಯಲ್ಲೇ ಉಳಿದರೂ, ತಂದೆಯವರು ಕೂರುತ್ತಿದ್ದ ಸೀಟು ಹಾಗೆಯೇ ಉಳಿದಿರುತ್ತದೆ. ಆದುದರಿಂದ ಆತುರಪಡದೆ ನಿರ್ಧರಿಸಬೇಕೆಂದು ಓದುಗರಲ್ಲಿ ನಮ್ಮ ಅರಿಕೆ.