ಕಡತದ ಲಿಪಿ: ಗಣಕಯಂತ್ರದಲ್ಲಿ ಕನ್ನಡವು ನಡೆದುಬಂದ ದಾರಿ

ಒಂದು ಭಾಷೆಯ ಬಾಳ್ವೆಯು ಆಡುವವರ ನಾಲಗೆಯಲ್ಲಿರುವಂತೆಯೇ ಬರೆದಿಡುವವರ ಕಡತದಲ್ಲಿಯೂ ಇರುತ್ತದೆಂಬುದು ಗಡಿನಾಡಿನವರಾದ ನಮಗೆ ಹೊಸದಾಗಿ ಹೇಳಬೇಕಾದ ಮಾತಲ್ಲ. ಮನೆಯಲ್ಲಿ ಯಾವ ನುಡಿಯನ್ನಾಡಿದರೂ, ಕಚೇರಿಯ ಕಾಗದವು ಯಾವ ಲಿಪಿಯಲ್ಲಿರಬೇಕೆಂಬುದನ್ನು ನಾವು ಲೇಖನಿ ಹಿಡಿಯುವ ಮೊದಲೇ ಬೇರೆಯವರು ಗೊತ್ತುಮಾಡಿರುತ್ತಾರೆ. ಹೈದರಾಬಾದು ಸಂಸ್ಥಾನದಲ್ಲಿ 1884ರ ಸುಮಾರಿನವರೆಗೆ ಆ ಸ್ಥಾನವು ಪಾರ್ಸಿಯದಾಗಿತ್ತು, ಅನಂತರ ಉರ್ದುವಿನದಾಯಿತು. 1956ನೆಯ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಗುಲಬರ್ಗಾ ಜಿಲ್ಲೆಯ ತಾಂಡೂರು ತಾಲೂಕು, ಬೀದರ ಜಿಲ್ಲೆಯ ನಾರಾಯಣಖೇಡ ತಾಲೂಕು, ನಿರ್ಣಾ ವೃತ್ತವನ್ನುಳಿದ ಜಹೀರಾಬಾದ ತಾಲೂಕು ಇವು ಆಂಧ್ರಪ್ರದೇಶಕ್ಕೆ ಸೇರಿದುವು. 1966ರ ಶಾಸನದಿಂದ ತೆಲುಗು ಆ ರಾಜ್ಯದ ಆಡಳಿತ ಭಾಷೆಯಾಯಿತು. 2014ರಲ್ಲಿ ತೆಲಂಗಾಣ ರಾಜ್ಯವು ಉದಯಿಸಿತು. 2016ರಲ್ಲಿ ಜಹೀರಾಬಾದ, ನಾರಾಯಣಖೇಡಗಳು ಸಂಗಾರೆಡ್ಡಿ ಜಿಲ್ಲೆಗೂ ತಾಂಡೂರು ವಿಕಾರಾಬಾದ ಜಿಲ್ಲೆಗೂ ಸಂದುವು. ಜಿಲ್ಲೆಯ ಹೆಸರು ಬದಲಾಯಿತು, ಕಚೇರಿಯ ಲಿಪಿ ಬದಲಾಯಿತು. ಅನೇಕ ಮನೆಗಳ ಮಾತು ಮಾತ್ರ ಕನ್ನಡವಾಗಿಯೇ ಉಳಿಯಿತು.

ಈಗ ಕಾಗದದ ಸ್ಥಾನಕ್ಕೆ ಗಣಕಯಂತ್ರವು ಬಂದಿದೆ. ಅದರೊಳಗೂ ಒಂದು ಕಚೇರಿಯುಂಟು, ಅದಕ್ಕೂ ಒಂದು ಲಿಪಿಯುಂಟು, ಅದನ್ನೂ ನಮಗಿಂತ ಮೊದಲೇ ಗೊತ್ತುಮಾಡಿರುತ್ತಾರೆ. ಯಂತ್ರವನ್ನು ಆಳುವ ಆಪರೇಟಿಂಗ್ ಸಿಸ್ಟಂ ಎಂಬ ವ್ಯವಸ್ಥೆಯು, ನಾವು ಏನನ್ನೂ ಹೇಳದಿದ್ದಾಗ, ಕಡತವನ್ನು ಯಾವ ಸಂಕೇತದಲ್ಲಿ ಓದಬೇಕು, ಯಾವ ಸಂಕೇತದಲ್ಲಿ ಬರೆದಿಡಬೇಕು ಎಂಬುದನ್ನು ತಾನೇ ನಿಶ್ಚಯಿಸಿಕೊಳ್ಳುತ್ತದೆ. ಗಣಕದವರು ಇದನ್ನು ಡಿಫಾಲ್ಟ್ ಎನ್ನುತ್ತಾರೆ. ನಾವು ಪೂರ್ವನಿಯೋಜನೆ ಎನ್ನೋಣ. ಗಣಕಯಂತ್ರದಲ್ಲಿ ಕನ್ನಡದ ಇತಿಹಾಸವೆಂದರೆ ಬಹುಮಟ್ಟಿಗೆ ಈ ಪೂರ್ವನಿಯೋಜನೆಯ ಇತಿಹಾಸವೇ. ಇದನ್ನರಿಯದೆ ನಮ್ಮವರು ಕಷ್ಟಪಟ್ಟು ಬರೆದುದು ಕಣ್ಣೆದುರಿನಲ್ಲಿಯೇ ಅಳಿದುಹೋಗುವುದರಿಂದ ಈ ಪ್ರಸ್ತಾವವು ಅನವಶ್ಯಕವಾಗಲಾರದೆಂದು ಭಾವಿಸುತ್ತೇನೆ.

ಯಂತ್ರಕ್ಕೆ ಅಕ್ಷರಜ್ಞಾನವಿಲ್ಲ, ಸಂಖ್ಯಾಜ್ಞಾನ ಮಾತ್ರವಿದೆ. ಆದಕಾರಣ ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆಯನ್ನು ಗೊತ್ತುಮಾಡಬೇಕಾಗುತ್ತದೆ. 1963ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ಆಸ್ಕಿ ಎಂಬ ಪಟ್ಟಿಯಲ್ಲಿ 128 ಸ್ಥಾನಗಳಿದ್ದುವು. ಇಂಗ್ಲಿಷಿನ ಅಕ್ಷರ, ಅಂಕೆ, ವಿರಾಮಚಿಹ್ನೆಗಳಿಗೆ ಅಷ್ಟೇ ಸಾಕಾಗಿತ್ತು. 1969ರಲ್ಲಿ ಬೆಲ್ ಪ್ರಯೋಗಶಾಲೆಯಲ್ಲಿ ಆರಂಭವಾದ ಯುನಿಕ್ಸ್ ವ್ಯವಸ್ಥೆಯು ಮುಂದೆ ಒಂದು ಸುಂದರವಾದ ನಿಯಮವನ್ನು ರೂಢಿಗೆ ತಂದಿತು: ಬೇರೆ ಅಪ್ಪಣೆಯಿಲ್ಲದಿದ್ದರೆ ಒಳಬರುವುದೆಲ್ಲ ಕೀಲಿಮಣೆಯಿಂದ, ಹೊರಹೋಗುವುದೆಲ್ಲ ಪರದೆಯ ಮೇಲೆ, ಅಪ್ಪಣೆಯಿತ್ತರೆ ಎರಡನ್ನೂ ಕಡತಕ್ಕೆ ತಿರುಗಿಸಬಹುದು. ದಾರಿಗಳು ತೆರೆದಿದ್ದುವೇನೋ ನಿಜ; ಆದರೆ ಆ ದಾರಿಗಳಲ್ಲಿ ನಡೆದಾಡುತ್ತಿದ್ದ ಲಿಪಿ ಆಸ್ಕಿಯೊಂದೇ ಆಗಿತ್ತು.

ಭಾರತವು ಇದಕ್ಕೆ ಕಂಡುಕೊಂಡ ಮೊದಲ ಉತ್ತರವು ಗಡಿನಾಡಿನವರು ವಿಶೇಷವಾಗಿ ಮನನ ಮಾಡತಕ್ಕದ್ದು. 1991ರಲ್ಲಿ ಭಾರತೀಯ ಮಾನಕವೆಂದು ಸ್ವೀಕೃತವಾದ ಇಸ್ಕಿ ಎಂಬ ಸಂಕೇತದಲ್ಲಿ ಕೆಳಗಿನ 128 ಸ್ಥಾನಗಳನ್ನು ಇಂಗ್ಲಿಷಿಗೆ ಬಿಟ್ಟು, ಮೇಲಿನ 128ರಲ್ಲಿ ಭಾರತೀಯ ವರ್ಣಮಾಲೆಯನ್ನು ಅಳವಡಿಸಿದರು. ಬ್ರಾಹ್ಮಿಯಿಂದ ಹುಟ್ಟಿದ ಲಿಪಿಗಳ ವರ್ಣಕ್ರಮವು ಬಹುಮಟ್ಟಿಗೆ ಒಂದೇ ಆದುದರಿಂದ ಅವೆಲ್ಲಕ್ಕೂ ಒಂದೇ ಸಂಖ್ಯಾಸಮೂಹವು ಸಾಕೆಂದು ಬಗೆದರು. ಕನ್ನಡದ ಕಕಾರಕ್ಕೂ ತೆಲುಗಿನ ಕಕಾರಕ್ಕೂ 179 ಎಂಬ ಒಂದೇ ಸಂಖ್ಯೆ! ಲಿಪಿಯಾವುದೆಂಬುದನ್ನು ಕಡತದಲ್ಲಿ ಪ್ರತ್ಯೇಕ ಸಂಕೇತದಿಂದ ಸೂಚಿಸಬಹುದಾಗಿತ್ತು. ಸೂಚಿಸದಿದ್ದರೆ ಯಂತ್ರವು ತನ್ನ ಪೂರ್ವನಿಯೋಜನೆಯಂತೆ ತೋರಿಸುತ್ತಿತ್ತು. ಆದುದರಿಂದ ಒಂದೇ ಕಡತವು ಬೀದರಿನ ಯಂತ್ರದಲ್ಲಿ ಕನ್ನಡವಾಗಿಯೂ ಜಹೀರಾಬಾದಿನ ಯಂತ್ರದಲ್ಲಿ ತೆಲುಗಾಗಿಯೂ ಕಾಣಿಸಿಕೊಳ್ಳಲು ಅವಕಾಶವಿತ್ತು. ಬರೆದವನ ಇಚ್ಛೆ ಒಂದು. ಲಿಪಿಯನ್ನು ತೋರಿಸುವ ಅಧಿಕಾರ ಮತ್ತೊಬ್ಬರದು. ನಮ್ಮ ತಾಲೂಕುಗಳ ಕಥೆಯನ್ನೇ ಯಂತ್ರವು ಸಂಖ್ಯೆಗಳಲ್ಲಿ ಪುನಃ ಹೇಳಿದಂತಿಲ್ಲವೇ?

ಜನಸಾಮಾನ್ಯರ ಬಳಕೆ ಬೇರೊಂದು ದಾರಿಯನ್ನು ಹಿಡಿಯಿತು. ಇಂಗ್ಲಿಷಿಗೂ ಐರೋಪ್ಯ ಭಾಷೆಗಳಿಗೂ ಮೀಸಲಾದ ಸಂಖ್ಯೆಗಳನ್ನೇ ಇಟ್ಟುಕೊಂಡು, ಅಕ್ಷರದ ಚಿತ್ರವನ್ನು ಮಾತ್ರ ಬದಲಾಯಿಸುವ ಉಪಾಯವದು. ಯಂತ್ರವು ತಾನು ಲ್ಯಾಟಿನ್ ಅಕ್ಷರವನ್ನು ಬರೆದೆನೆಂದು ತಿಳಿಯುತ್ತಿತ್ತು. ಫಾಂಟು ಅದಕ್ಕೆ ಕನ್ನಡದ ಉಡುಪನ್ನು ತೊಡಿಸುತ್ತಿತ್ತು. 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ 'ಬರಹ', ಕರ್ನಾಟಕ ಸರ್ಕಾರದ ಬೆಂಬಲದಿಂದ ಕನ್ನಡ ಗಣಕ ಪರಿಷತ್ತು ರೂಪಿಸಿದ 'ನುಡಿ' ಇವು ಮನೆಮನೆಗೂ ಕನ್ನಡ ಬೆರಳಚ್ಚನ್ನು ತಲುಪಿಸಿದುವು. ವಿದ್ವಾಂಸರಾದ ಕೆ. ಪಿ. ರಾವ್ ಅವರು ಕಲ್ಪಿಸಿದ ಕೀಲಿಮಣೆಯ ವಿನ್ಯಾಸವು ಕನ್ನಡಿಗರ ಬೆರಳಿಗೆ ಸಹಜವಾಗಿ ಒಗ್ಗಿತು. ಈ ಮಹನೀಯರ ಉಪಕಾರವನ್ನು ಕನ್ನಡ ನಾಡು ಮರೆಯಲಾಗದು. ಆದರೆ ಈ ಬಗೆಯ ಕಡತಕ್ಕೆ ಒಂದು ಕೊರತೆಯಿತ್ತು. ಆ ಫಾಂಟಿಲ್ಲದ ಯಂತ್ರದಲ್ಲಿ ತೆರೆದರೆ ಉಡುಪು ಕಳಚಿ, ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳ ರಾಶಿ ಮಾತ್ರ ಕಾಣುತ್ತಿತ್ತು. ಕರ್ನಾಟಕದೊಳಗೆ ನುಡಿಯು ಎಲ್ಲೆಡೆ ಇದ್ದುದರಿಂದ ಈ ಕೊರತೆಯು ಅಷ್ಟಾಗಿ ಬಾಧಿಸಲಿಲ್ಲ. ಗಡಿಯನ್ನು ದಾಟಿದೊಡನೆಯೇ ಬಾಧಿಸಿತು.

ಲೋಕದ ಎಲ್ಲ ಲಿಪಿಗಳಿಗೂ ಬೇರೆಬೇರೆಯಾದ ಸಂಖ್ಯೆಗಳನ್ನು ಕೊಡಬೇಕೆಂಬ ಮಹತ್ಸಂಕಲ್ಪದಿಂದ ಹುಟ್ಟಿದುದು ಯೂನಿಕೋಡ್. ಅದರ ಮೊದಲ ಆವೃತ್ತಿಯು 1991ರಲ್ಲಿ ಪ್ರಕಟವಾಯಿತು. ಅದರಲ್ಲಿ ತೆಲುಗಿಗೆ 3072ರಿಂದ 3199ರವರೆಗೆ, ಕನ್ನಡಕ್ಕೆ 3200ರಿಂದ 3327ರವರೆಗೆ ಸ್ಥಾನಗಳು ಮೀಸಲಾದುವು. ಒಂದೇ ಮೂಲಲಿಪಿಯಿಂದ ಕವಲೊಡೆದ ಈ ಸೋದರಿಯರು ಇಲ್ಲಿಯೂ ಅಕ್ಕಪಕ್ಕದ ಮನೆಯವರು. ಕೋಣೆಗಳ ಕ್ರಮವೂ ಒಂದೇ: ತೆಲುಗಿನ ಕಕಾರ 3093, ಕನ್ನಡದ ಕಕಾರ 3221, ಅಂತರ ಸರಿಯಾಗಿ 128. ನೆರೆತನವುಂಟು, ಸಾಮ್ಯವುಂಟು, ಆದರೆ ನಡುವೆ ಗೋಡೆಯೂ ಉಂಟು. ಒಂದರ ಕಡತವು ಇನ್ನೊಂದಾಗಿ ಕಾಣಿಸುವ ಭಯವಿಲ್ಲ. ವ್ಯಂಜನ, ವಿರಾಮ, ಸ್ವರಚಿಹ್ನೆ ಎಂಬ ವಿಭಾಗವೂ ನಮ್ಮ ವ್ಯಾಕರಣಕ್ಕೆ ಒಪ್ಪುವಂತಹುದು: 'ಕನ್ನಡ' ಎಂಬ ಪದವು ಕ, ನ, ಅರ್ಧಸೂಚಕ, ನ, ಡ ಎಂದು ಐದು ಸಂಖ್ಯೆಗಳಾಗಿ ನಿಲ್ಲುತ್ತದೆ. ಒಂದು ಎಡವಟ್ಟೂ ಇಲ್ಲದಿಲ್ಲ. ಹಳಗನ್ನಡದ ೞಕಾರವನ್ನು 3294ನೆಯ ಸ್ಥಾನದಲ್ಲಿರಿಸಿ ಅದಕ್ಕೆ 'ಫ' ಎಂಬರ್ಥದ ತಪ್ಪು ಹೆಸರನ್ನಿತ್ತರು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ, ತಪ್ಪೆಂದು ಟಿಪ್ಪಣಿ ಬರೆದರೇ ಹೊರತು ಹೆಸರು ಹಾಗೆಯೇ ಉಳಿಯಿತು. ನಿರ್ಣಯವಾಗುವ ಸ್ಥಳದಲ್ಲಿ ಬಲ್ಲವರೊಬ್ಬರು ಇಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಈ ೞಕಾರವೇ ಸಾಕ್ಷಿ.

ಸಂಖ್ಯೆಯನ್ನು ಗೊತ್ತುಮಾಡುವುದು ಒಂದು ಕೆಲಸ. ಆ ಸಂಖ್ಯೆಯನ್ನು ಕಡತದಲ್ಲಿ ಬೈಟುಗಳಾಗಿ ಬರೆದಿಡುವ ಕ್ರಮ ಮತ್ತೊಂದು. 1992ರಲ್ಲಿ ಕೆನ್ ಥಾಂಪ್ಸನ್ ಎಂಬವರು ರಾಬ್ ಪೈಕ್ ಅವರೊಡನೆ ನ್ಯೂಜರ್ಸಿಯ ಒಂದು ಉಪಾಹಾರಗೃಹದಲ್ಲಿ ಕುಳಿತು, ಊಟದ ಮೇಜಿನ ಕಾಗದದ ಮೇಲೆಯೇ ಯುಟಿಎಫ್-8 ಎಂಬ ಕ್ರಮವನ್ನು ರೂಪಿಸಿದರು. ಇದರಂತೆ ಇಂಗ್ಲಿಷಿನ ಅಕ್ಷರಕ್ಕೆ ಹಿಂದಿನಂತೆ ಒಂದೇ ಬೈಟು. ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟು. ನಮ್ಮ ಕಕಾರವು 224, 178, 149 ಎಂದೂ ತೆಲುಗಿನ ಕಕಾರವು 224, 176, 149 ಎಂದೂ ಬರೆಯಲ್ಪಡುತ್ತದೆ. ನಡುವಣ ಬೈಟಿನಲ್ಲಿ ಎರಡರ ಅಂತರ. ಅಷ್ಟರಲ್ಲಿಯೇ ಎರಡು ಸಾಹಿತ್ಯಗಳು ಬೇರ್ಪಟ್ಟು ನಿಂತಿವೆ!

ಇಷ್ಟೆಲ್ಲ ಸಿದ್ಧವಾದ ಮೇಲೂ ಕನ್ನಡಕ್ಕೆ ಬಾಗಿಲು ತೆರೆಯುವುದು ತಡವಾಯಿತು. 1993ರಲ್ಲಿ ಬಂದ ವಿಂಡೋಸ್ ಎನ್‌ಟಿಯ ಅಂತರಂಗವು ಯೂನಿಕೋಡ್ ಆಗಿತ್ತು. ಆದರೆ ನೋಟ್‌ಪ್ಯಾಡಿನಂತಹ ಸಾಧನಗಳು ಕಡತವನ್ನು ಉಳಿಸುವಾಗ ಆನ್ಸಿ ಎಂದು ಕರೆಯಲ್ಪಡುತ್ತಿದ್ದ ಹಳೆಯ ಪುಟವನ್ನೇ ಪೂರ್ವನಿಯೋಜಿತವಾಗಿ ಬಳಸುತ್ತಿದ್ದುವು. ಜಪಾನಿ, ಅರಬ್ಬಿ, ಥಾಯ್ ಭಾಷೆಗಳಿಗೆ ಅಂತಹ ಪುಟಗಳಿದ್ದುವು. ಕನ್ನಡಕ್ಕಾಗಲಿ ತೆಲುಗಿಗಾಗಲಿ ಇರಲಿಲ್ಲ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡ ಕೀಲಿಮಣೆಯೂ 'ತುಂಗಾ' ಎಂಬ ಫಾಂಟೂ ಬಂದುವು. ಆದರೆ ಅಕ್ಷರಗಳು ಸರಿಯಾಗಿ ಕೂಡಿ ಕಾಣಬೇಕಾದರೆ ಇಂಗ್ಲಿಷ್ ಆವೃತ್ತಿಯ ಏರ್ಪಾಡಿನ ಪುಟದಲ್ಲಿ ಗುರುತು ಹಾಕಿ, ಮೂಲ ಸಿ.ಡಿ.ಯನ್ನು ತೊಡಗಿಸಿ, ಬೇಕಾದ ಕಡತಗಳನ್ನು ಬೇರೆಯಾಗಿ ಸೇರಿಸಬೇಕಾಗಿತ್ತು. ಕೇಳಿದವರಿಗೆ ಮಾತ್ರ ಕನ್ನಡ; ಕೇಳದವರಿಗೆ ಇಲ್ಲ. 2007ರ ವಿಸ್ತಾದಲ್ಲಿ ಈ ತೊಡಕು ನೀಗಿತು. ಲಿನಕ್ಸ್ ಪಂಗಡದಲ್ಲಿ 2002ರ ರೆಡ್ ಹ್ಯಾಟ್ ಲಿನಕ್ಸ್ 8 ಯುಟಿಎಫ್-8ನ್ನು ಪೂರ್ವನಿಯೋಜನೆಯಾಗಿ ಸ್ವೀಕರಿಸಿತು. ವಿಂಡೋಸಿನ ನೋಟ್‌ಪ್ಯಾಡು ಇದೇ ಹೆಜ್ಜೆಯನ್ನಿಟ್ಟುದು 2019ರಲ್ಲಿ! ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ಥಾನ ದೊರೆತು 28 ವರ್ಷಗಳಾದ ಮೇಲೆ ಸಾಮಾನ್ಯ ಕಡತದ ಬಾಗಿಲು ಕೇಳದೆಯೇ ತೆರೆದಂತಾಯಿತು.

ಈ ಇತಿಹಾಸದ ಅವಶೇಷಗಳು ಇಂದಿಗೂ ನಮ್ಮ ಯಂತ್ರಗಳಲ್ಲಿವೆ. ವೈದ್ಯನು ನಾಡಿಯನ್ನು ನೋಡಿ ರೋಗವನ್ನರಿಯುವಂತೆ, ಕೆಟ್ಟುಕಾಣುವ ಕಡತದ ಲಕ್ಷಣದಿಂದಲೇ ಅದರ ಕಾರಣವನ್ನು ತಿಳಿಯಬಹುದು. ಬರಿಯ ಚೌಕಗಳು ಕಂಡರೆ ಅಕ್ಷರವು ಒಳಗೆ ಕ್ಷೇಮವಾಗಿರುತ್ತದೆ, ಫಾಂಟು ಮಾತ್ರವಿಲ್ಲ. ಲ್ಯಾಟಿನ್ ಅಕ್ಷರಗಳ ರಾಶಿಯು ಕಂಡರೆ ಅದು ಬಹುಶಃ ಹಳೆಯ ನುಡಿ ಅಥವಾ ಬರಹದ ಕಡತ; ಪರಿವರ್ತಕ ತಂತ್ರಾಂಶದಿಂದ ಅದನ್ನು ಯೂನಿಕೋಡಿಗೆ ತರಬಹುದು. ತಲೆಯ ಮೇಲೆ ಗೀಟುಳ್ಳ ಇಂಗ್ಲಿಷಿನ ಸಣ್ಣ ಎ, ಮೇಲಕ್ಕೇರಿದ ಪುಟ್ಟ 2 ಅಥವಾ 3 ಇವು ಮತ್ತೆಮತ್ತೆ ಕಂಡರೆ, ಯುಟಿಎಫ್-8 ಕನ್ನಡವನ್ನು ಯಂತ್ರವು ಆನ್ಸಿಯೆಂದು ತಪ್ಪಾಗಿ ಓದುತ್ತಿದೆಯೆಂದರ್ಥ. ಹಿಂದೆ ಹೇಳಿದ 224 ಮತ್ತು 178 ಎಂಬ ಬೈಟುಗಳು ಆ ಪುಟದಲ್ಲಿ ಪಡೆಯುವ ರೂಪವೇ ಅದು. ಆಗ ಕಡತವನ್ನು ಉಳಿಸದೆ ಮುಚ್ಚಿ, ಯುಟಿಎಫ್-8 ಎಂದು ಸೂಚಿಸಿ ಪುನಃ ತೆರೆದರೆ ಕನ್ನಡವು ಕಾಣುತ್ತದೆ.

ನಾಲ್ಕನೆಯ ಲಕ್ಷಣವು ಭಯಂಕರವಾದುದು: ಸಾಲುಸಾಲಾಗಿ ಪ್ರಶ್ನಾರ್ಥಕ ಚಿಹ್ನೆಗಳು. ಕನ್ನಡವನ್ನು ಆನ್ಸಿಯಲ್ಲಿ ಉಳಿಸಿದಾಗ ಹೀಗಾಗುತ್ತದೆ. 'ಕನ್ನಡ' ಎಂಬುದು ಐದು ಪ್ರಶ್ನಾರ್ಥಕ ಚಿಹ್ನೆಗಳಾಗಿ ಕಡತದಲ್ಲಿ ಸೇರುತ್ತದೆ. ಮೂಲದ ಸಂಖ್ಯೆಗಳು ಅಳಿದುಹೋಗುತ್ತವೆ. ಹಾಗೆ ಉಳಿಸಿ ಮುಚ್ಚಿದ ಕಡತದಿಂದ ಯಾವ ತಜ್ಞನೂ ಅವನ್ನು ಮರಳಿ ತರಲಾರನು. ಉಳಿಸುವ ಮೊದಲು ಯಂತ್ರವು ಇಂಗ್ಲಿಷಿನಲ್ಲಿ ಎಚ್ಚರಿಸುತ್ತಿತ್ತು. ಆ ಎಚ್ಚರಿಕೆಯನ್ನು ಓದದೆ ಸಮ್ಮತಿಯ ಗುಂಡಿಯನ್ನು ಒತ್ತಿದವರ ಕನ್ನಡವು ಎಷ್ಟೋ ಹೋಗಿದೆ. ವಿದ್ಯಾರ್ಥಿಗಳ ಹೆಸರುಗಳನ್ನು ಎಕ್ಸೆಲ್ಲಿನಲ್ಲಿ ಬರೆದು ಸಾಮಾನ್ಯ ಸಿಎಸ್‌ವಿ ಎಂದು ಉಳಿಸಿದರೂ ಇದೇ ಗತಿ. ಅದರ ಪಕ್ಕದಲ್ಲಿಯೇ ಇರುವ ಯುಟಿಎಫ್-8 ಸಿಎಸ್‌ವಿ ಎಂಬುದನ್ನು ಆರಿಸಿಕೊಳ್ಳಬೇಕು. ಮಗುವಿನ ಹೆಸರೇ ಪ್ರಶ್ನಾರ್ಥಕ ಚಿಹ್ನೆಯಾಗುವುದಕ್ಕಿಂತ ಅಕ್ಷರನಾಶವು ಬೇರೊಂದುಂಟೇ?

ಆದುದರಿಂದ ನಮ್ಮ ಕನ್ನಡ ಮನೆಗಳೂ ಶಾಲೆಗಳೂ ಮಾಡತಕ್ಕ ಕೆಲಸಗಳು ಕೆಲವುಂಟು. ಯಂತ್ರದ ಭಾಷಾ ಏರ್ಪಾಡಿನಲ್ಲಿ ಕನ್ನಡ ಕೀಲಿಮಣೆಯನ್ನು ಸೇರಿಸಿಕೊಳ್ಳಬೇಕು. ತೆಲುಗಿನಲ್ಲಿ ಇನ್‌ಸ್ಕ್ರಿಪ್ಟ್ ಕ್ರಮವನ್ನು ಕಲಿತ ನಮ್ಮ ಮಕ್ಕಳಿಗೆ ಕನ್ನಡದ ಕಕಾರವೂ ಅದೇ ಕೀಲಿಯಲ್ಲಿ ಸಿಗುತ್ತದೆ. ಕಡತವನ್ನು ಉಳಿಸುವ ಚೌಕಟ್ಟಿನ ಕೆಳಗಡೆ ಸಂಕೇತಕ್ರಮದ ಸಾಲಿರುವಲ್ಲಿ ಯುಟಿಎಫ್-8 ಎಂದಿದೆಯೇ ಎಂದು ಒಮ್ಮೆ ನೋಡಬೇಕು. ಹಳೆಯ ಯಂತ್ರಗಳಲ್ಲಂತೂ ನೋಡಲೇಬೇಕು. ಲಿನಕ್ಸ್ ಉಳ್ಳವರು ಭಾಷೆ ಮತ್ತು ಪ್ರದೇಶದ ಏರ್ಪಾಡಿನ ಕೊನೆಯಲ್ಲಿ ಇದೇ ಹೆಸರಿದೆಯೇ ಎಂದು ಪರೀಕ್ಷಿಸಬೇಕು. ಸಂಘದ ಹಳೆಯ ವರದಿ, ನಾಟಕ, ಹಾಡುಗಳು ನುಡಿಯ ಹಳೆಯ ಫಾಂಟಿನಲ್ಲಿದ್ದರೆ ಮೂಲವನ್ನು ಕಾಪಾಡಿಕೊಂಡು ಯೂನಿಕೋಡ್ ಪ್ರತಿಯೊಂದನ್ನು ಮಾಡಿಡಬೇಕು. ಮಾಡಿದ ಮೇಲೆ ಬಲ್ಲವರು ಓದಿ, ಒತ್ತಕ್ಷರ, ಅರ್ಕಾವತ್ತುಗಳು ಸರಿಯಾಗಿವೆಯೇ ಎಂದು ತಿದ್ದಬೇಕು.

ಹಿಂದಿನವರು ತಾಳೆಯೋಲೆಯನ್ನು ಬರೆದು ಸುಮ್ಮನಾಗಲಿಲ್ಲ. ಎಣ್ಣೆ ಸವರಿ, ಕಾಡಿಗೆ ಹಚ್ಚಿ, ಹುಳು ಹಿಡಿಯದಂತೆ ಕಾಪಾಡಿದರು. ಅವರ ಆ ಎಚ್ಚರದಿಂದಲೇ ಪಂಪ ರನ್ನರು ನಮಗೆ ದೊರೆತರು. ನಮ್ಮ ಕಾಲದ ಓಲೆಗೆ ಎಣ್ಣೆ ಬೇಡ. ಉಳಿಸುವ ಮುನ್ನ ಒಂದು ಸಾಲನ್ನು ನೋಡುವ ಕಣ್ಣು ಬೇಕು. ಕಚೇರಿಯ ಲಿಪಿಯನ್ನು ನಿಶ್ಚಯಿಸುವ ಅಧಿಕಾರವು ನಮ್ಮ ಹಿರಿಯರಿಗೆ ಇರಲಿಲ್ಲ. ನಮ್ಮ ಮೇಜಿನ ಮೇಲಿರುವ ಯಂತ್ರದ ಲಿಪಿಯನ್ನು ನಿಶ್ಚಯಿಸುವ ಅಧಿಕಾರವಾದರೋ ಸಂಪೂರ್ಣವಾಗಿ ನಮ್ಮ ಕೈಯಲ್ಲಿದೆ. ಅದನ್ನು ಬಳಸಿಕೊಂಡು, ಜಹೀರಾಬಾದ, ನಾರಾಯಣಖೇಡ, ತಾಂಡೂರುಗಳ ಕನ್ನಡ ಮಕ್ಕಳು ತಮ್ಮ ಹೆಸರನ್ನು ತಮ್ಮ ಲಿಪಿಯಲ್ಲಿ ಬರೆದು, ಅದು ಮುಂದಿನ ತಲೆಮಾರಿಗೂ ಹಾಗೆಯೇ ಓದಲು ಸಿಗುವಂತೆ ಮಾಡಲಿ ಎಂದು ಈ ವಾರ್ಷಿಕೋತ್ಸವದ ಶುಭಸಂದರ್ಭದಲ್ಲಿ ಹಾರೈಸುತ್ತೇನೆ.