ಒಂದೇ ಮುಳ್ಳಿನ ಗಡಿಯಾರ

ದುಬಾರಿ ಗಡಿಯಾರ ಕೊಳ್ಳುವವರು ಅಂಗಡಿಯಿಂದ ಏನನ್ನು ನಿರೀಕ್ಷಿಸುತ್ತಾರೆ? ವಸ್ತುಗಳ ಚರಿತ್ರೆಯನ್ನು ಓದುತ್ತಿರುವ ನನ್ನನ್ನು ಈ ಪ್ರಶ್ನೆ ಪ್ಯಾರಿಸ್ಸಿನ ಅಬ್ರಹಾಂ-ಲೂಯಿ ಬ್ರೆಗೆಯ ಬಳಿಗೆ ಕರೆದೊಯ್ಯುತ್ತದೆ.

ಕ್ರಾಂತಿಯ ದಿನಗಳಲ್ಲಿ ಫ್ರಾನ್ಸ್ ಬಿಟ್ಟಿದ್ದ ಬ್ರೆಗೆ 1795ರಲ್ಲಿ ಮರಳಿದ. ಹಳೆಯ ಗಿರಾಕಿಗಳಲ್ಲಿ ಕೆಲವರು ಗಿಲೋಟಿನ್‌ಗೆ ಬಲಿಯಾಗಿದ್ದರು, ಕೆಲವರು ದೇಶಾಂತರ ಹೋಗಿದ್ದರು. ಹೊಸಬರಿಗಾಗಿ ಆತ ಒಂದೇ ಮುಳ್ಳಿನ ಸರಳ ಗಡಿಯಾರ ರೂಪಿಸಿದ. ಗಂಟೆಯ ನಡುವಿನ ಐದೈದು ನಿಮಿಷದ ಗೆರೆಗಳನ್ನು ನೋಡಿ ಹೊತ್ತು ತಿಳಿಯಬೇಕಿತ್ತು. ಬೆಲೆಯ ಕಾಲು ಭಾಗವನ್ನು ಮುಂಗಡ ಕೊಟ್ಟು ಸರದಿಗಾಗಿ ಕಾಯಬೇಕು. ಜನ ಕಾದರು.

ಕಣ್ಣಿಗೆ ಕಾಣದ ವಸ್ತುವಿಗೆ ಹಣ ಕೊಡುವುದೆಂದರೆ ಸಾಲ ಕೊಟ್ಟಂತೆಯೇ. ಆ ನಂಬಿಕೆಗೆ ಬ್ರೆಗೆ ಆಧಾರ ಒದಗಿಸಿದ. ನಕಲಿಗಳ ಹಾವಳಿ ತಡೆಯಲು ಮುಖಫಲಕದ ಮೇಲೆ ಬೆಳಕಿಗೆ ಓರೆಯಾಗಿ ಹಿಡಿದರಷ್ಟೇ ಕಾಣುವ ಗುಪ್ತ ರುಜು ಕೆತ್ತಿದ. ಗಡಿಯಾರದ ಸಂಖ್ಯೆ, ಕೊಂಡವರ ಹೆಸರು ಲೆಕ್ಕದ ಪುಸ್ತಕ ಸೇರಿದವು. ಇಂದಿನ ಮಳಿಗೆಗಳ ಕಾಯುವ ಪಟ್ಟಿ, ಖಾತರಿ ಪತ್ರಗಳಲ್ಲಿ ನನಗೆ ಕಾಣುವುದು ಇದೇ ಒಪ್ಪಂದ.

ಅದರ ಕಠಿಣ ಪರೀಕ್ಷೆ ಬೇರೊಂದು ಗಡಿಯಾರದ್ದು. 1783ರಲ್ಲಿ ರಾಣಿ ಮರಿ ಅಂತ್ವಾನೆತ್‌ಗೆಂದು ಹೇಳಿ ಮಾಡಿಸಲು ಕೊಟ್ಟ ಗಡಿಯಾರ ಪೂರ್ಣಗೊಂಡದ್ದು 1827ರಲ್ಲಿ. ರಾಣಿ 1793ರಲ್ಲೇ ಗಿಲೋಟಿನ್‌ಗೆ ಹೋಗಿದ್ದಳು. ಬ್ರೆಗೆ 1823ರಲ್ಲಿ ತೀರಿಕೊಂಡಿದ್ದ. ಕೇಳುವವರಿಲ್ಲದಿದ್ದರೂ ಕೆಲಸ ಮುಗಿಯಿತು. ಗಿರಾಕಿ ಬಯಸುವುದು ಬಹುಶಃ ಇಷ್ಟನ್ನೇ: ತಾನಿಲ್ಲದಾಗಲೂ ನಡೆಯುವ ಮಾತು.