ಮಾಗಡಿ ಸೀಮೆಯ ನಾಡಪ್ರಭುತ್ವ: ದುರ್ಗ, ಕೆರೆ ಮತ್ತು ಒಡೆತನದ ಹೊಣೆ

ಮಾಗಡಿ ಬಳಿಯ ಸೋಲೂರಿನ ಸುತ್ತಣ ಸೀಮೆ ಚರಿತ್ರೆಯಲ್ಲಿ ದುರ್ಗಗಳಿಂದಲೇ ಹೆಸರಾಗಿದೆ: ಶಿವಗಂಗೆ, ಭೈರವದುರ್ಗ, ಹುತ್ರಿದುರ್ಗ, ಸಾವನದುರ್ಗ. ಈ ಸೀಮೆಯನ್ನಾಳಿದ ನಾಡಪ್ರಭು ಕೆಂಪೇಗೌಡರ ನಾಯಕತ್ವವನ್ನು ಅರಿಯಲು ಈ ಬೆಟ್ಟಗಳಿಂದ ಇಳಿದು ಕೆರೆ ಏರಿಯ ಮೇಲೆ ನಿಲ್ಲಬೇಕೆಂಬುದು ಈ ಲೇಖನದ ವಾದ.

ಶಿವಗಂಗೆಯಲ್ಲಿ ಹುಟ್ಟುವ ಕುಮುದ್ವತಿಯಾಗಲಿ ಅದು ಸೇರುವ ಅರ್ಕಾವತಿಯಾಗಲಿ ವರ್ಷವಿಡೀ ತುಂಬಿ ಹರಿಯುವ ಹೊಳೆಗಳಲ್ಲ. ಮಳೆನೀರು ಹಿಡಿದಿಡದೆ ಇಲ್ಲಿ ಗದ್ದೆಯಿಲ್ಲ, ಕಂದಾಯವೂ ಇಲ್ಲ. ನೀರು ಸಿಗದ ಒಕ್ಕಲು ಊರು ಬಿಟ್ಟು ಗುಳೇ ಹೋಗಬಹುದಿತ್ತು. ಒಕ್ಕಲನ್ನು ನಿಲ್ಲಿಸಿಕೊಳ್ಳುವುದೇ ಪ್ರಭುವಿಗೆ ದೊಡ್ಡ ಕೆಲಸವಾಗಿದ್ದಿರಬೇಕು. 1537ರಲ್ಲಿ ಬೆಂಗಳೂರು ಕೋಟೆ ಕಟ್ಟಿದನೆನ್ನುವ ಹಿರಿಯ ಕೆಂಪೇಗೌಡನ ಹೆಸರಿಗೆ ಧರ್ಮಾಂಬುಧಿ, ಕೆಂಪಾಂಬುಧಿ ಕೆರೆಗಳೂ ಕಸುಬುದಾರರ ಪೇಟೆಗಳೂ ಸೇರಿಕೊಂಡಿರುವುದಕ್ಕೆ ಇದೇ ಕಾರಣವಿರಬೇಕು. 1638ರಲ್ಲಿ ಬಿಜಾಪುರದ ರಣದುಲ್ಲಾ ಖಾನನಿಗೆ ಬೆಂಗಳೂರು ಸೋತ ಬಳಿಕ ಕೆಂಪೇಗೌಡರ ಮನೆತನ ಮಾಗಡಿಯನ್ನು ನೆಲೆಯಾಗಿಸಿಕೊಂಡಿತು. ರಾಜಧಾನಿ ಕಳೆದುಕೊಂಡ ಮೇಲೂ ಮನೆತನ ಸುಮಾರು ತೊಂಬತ್ತು ವರ್ಷ ಬಾಳಿತು. ಬರೀ ಕೋಟೆಯ ಬಲದಿಂದ ಇದು ಆಗುವ ಮಾತಲ್ಲ.

ಪೆಸಿಫಿಕ್ ದ್ವೀಪಗಳ ಹೋಲಿಕೆ ಇಲ್ಲಿ ನೆರವಾಗುತ್ತದೆ. ಮಾನವಶಾಸ್ತ್ರಜ್ಞ ಮಾರ್ಷಲ್ ಸಾಲಿನ್ಸ್ 1963ರ ಲೇಖನದಲ್ಲಿ, ಹಂಚುವ ಕೈಯಿಂದ ಹಿಂಬಾಲಕರನ್ನು ಗಳಿಸುವ ಮೆಲನೇಷ್ಯದ ಮುಂದಾಳನ್ನೂ ಹುಟ್ಟಿನಿಂದ ಪದವಿ ಪಡೆಯುವ ಪಾಲಿನೇಷ್ಯದ ಒಡೆಯನನ್ನೂ ಬೇರ್ಪಡಿಸಿ ತೋರಿಸಿದರು. ಮಾಗಡಿಯ ಪ್ರಭು ಹುಟ್ಟಿನಿಂದ ಒಡೆಯ, ಆದರೆ ಹಂಚದೆ ಉಳಿಯಲಾರ. ಪಾಲಿನೇಷ್ಯದ್ದೇ ಆದ ಸಮೋವಾದಲ್ಲಾದರೆ ಕುಲದ ಮುಖ್ಯಸ್ಥನ ‘ಮತಾಯಿ’ ಪದವಿಯನ್ನು ಕುಲದವರೇ ಒಮ್ಮತದಿಂದ ಕೊಡುತ್ತಾರೆ, ಹಿಂದಕ್ಕೂ ಪಡೆಯಬಲ್ಲರು. ಇಂಥ ಹಕ್ಕು ನಮ್ಮ ಒಕ್ಕಲಿಗೆ ಇರಲಿಲ್ಲ. ಈ ಕೊರತೆಯನ್ನು ಕೆಂಪೇಗೌಡರ ಮೇಲಿನ ಅಭಿಮಾನ ಮರೆಸಬಾರದು.

ಅಧಿಕಾರಕ್ಕೆ ಮೇಲಿನಿಂದಲೂ ಕಡಿವಾಣವಿತ್ತು. ವಿಜಯನಗರದ ಅರಸರ ಅಪ್ಪಣೆಯಿಲ್ಲದೆ ಭೈರವ ನಾಣ್ಯ ಅಚ್ಚು ಹಾಕಿಸಿ ಹಿರಿಯ ಕೆಂಪೇಗೌಡ ಆನೆಗೊಂದಿಯ ಸೆರೆ ಸೇರಿದನೆಂಬುದು ಐತಿಹ್ಯ. ಮೊರಸು ಒಕ್ಕಲಿಗ ಹೆಂಗಸರ ಬೆರಳು ಕತ್ತರಿಸುವ ಆಚರಣೆಯನ್ನು ಅವನು ತಡೆದನೆಂಬುದೂ ಐತಿಹ್ಯವೇ. ಜನ ತಮ್ಮ ಪ್ರಭುವಿನಿಂದ ಬಯಸಿದ್ದೇನು ಎಂಬುದಕ್ಕೆ ನನಗೆ ಈ ಎರಡನೆಯ ಐತಿಹ್ಯ ಕೋಟೆಗಳಿಗಿಂತ ದೊಡ್ಡ ಸಾಕ್ಷಿ.

1728ರಲ್ಲಿ ಮೈಸೂರಿನ ಸೇನೆ ಮಾಗಡಿ, ಸಾವನದುರ್ಗಗಳನ್ನು ಗೆದ್ದಿತು. ಪ್ರಭುಮನೆತನ ಅಳಿದರೂ ಪಟೇಲ, ಶಾನುಭೋಗ, ನೀರುಗಂಟಿ, ತೋಟಿಗಳ ವ್ಯವಸ್ಥೆ ಹಳ್ಳಿಗಳಲ್ಲಿ ಉಳಿಯಿತು. 1961ರ ಗ್ರಾಮಾಧಿಕಾರ ರದ್ದತಿ ಕಾಯಿದೆ ಆನುವಂಶಿಕ ಹುದ್ದೆಗಳನ್ನು ತೆಗೆದುಹಾಕಿತು. ಜಾತಿಯ ಹಂಗು ಹೊತ್ತ ಆ ಹುದ್ದೆಗಳು ಹೋದದ್ದು ನ್ಯಾಯವೇ. ಆದರೆ ತೂಬು ತೆರೆಯುವ, ಸರದಿಯಂತೆ ಗದ್ದೆಗೆ ನೀರು ಬಿಡುವ ನೀರುಗಂಟಿಯ ಹೊಣೆ ಯಾರ ಪಾಲಿಗೆ ಬಂತು? ಸೋಲೂರು, ಕುದೂರು ಹೋಬಳಿಗಳ ಹಿರಿಯರನ್ನು ಕೇಳಿ, ಊರೂರಿನ ಕೆರೆಯ ಲೆಕ್ಕದೊಡನೆ ಇದನ್ನು ದಾಖಲಿಸುವ ಕೆಲಸ ತುರ್ತಾಗಿ ಆಗಬೇಕು.